ನವ್ಯಶ್ರೀಯ ಬೆನ್ನು

ನವ್ಯಶ್ರೀಯ ಬೆನ್ನು ಡೊಂಕಾಗಿದೆ ಎಂದು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಮಾಗಡಿಯ ಟೈಲರಮ್ಮ. ಒಂಬತ್ತನೇ ಕ್ಲಾಸಿನ ಯೂನಿಫಾರಂಗೆ ಅಳತೆ ತೆಗೆಯುತ್ತಾ, "ರಾಧಕ್ಕ, ನಿನ್ ಮಗಳ ಬಲಗಡೆ ಭುಜ ಒಸಿ ಮೇಲೈತೆ, ನೋಡಿದ್ದೀಯಾ?" ಎಂದಿದ್ದಳು. ರಾಧಾಮಣಿ ನೋಡಿರಲಿಲ್ಲ. ಕಲ್ಯ ಎಂಬ ಹಳ್ಳಿಯ ಅವರ ಮನೆ ತುಂಬ ರೇಷ್ಮೆಹುಳು, ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು. ಮಗಳ ಭುಜದ ಕಡೆ ಕಣ್ಣು ಹೋಗಿರಲೇ ಇಲ್ಲ.

ಎಕ್ಸ್‌ರೇ ತೆಗೆಸಿದರು. ಬೆನ್ನುಮೂಳೆ ಬಾಗಿತ್ತು, ಆದರೆ ಆಪರೇಷನ್ ಮಾಡುವಷ್ಟಲ್ಲ ಎಂದರು. ಮನೆಯವರು ಮರೆತೇಬಿಟ್ಟರು. ನೋವು ಬಂದದ್ದು ಎರಡು ವರ್ಷ ಬಿಟ್ಟು, ನವ್ಯ ಪಿಯುಸಿ ಸೇರಿದ ಮೇಲೆ. ಕ್ಲಾಸಿನಲ್ಲಿ ಕೂರಲಾರಳು, ಬಸ್ಸಿನಲ್ಲಿ ನಿಲ್ಲಲಾರಳು. ಕಂಕುಳಲ್ಲಿ ಪುಸ್ತಕ ಹಿಡಿದರೂ ಬೆನ್ನು ಉರಿಯುತ್ತದೆ ಎಂದು ಅಳುತ್ತಿದ್ದಳು. ಮತ್ತೊಬ್ಬ ಡಾಕ್ಟರು ಅದೇ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇಷ್ಟು ಡೊಂಕಿಗೆ ಇಷ್ಟು ನೋವು ಬರಲ್ಲಮ್ಮ. ಓದೋಕೆ ಬೇಜಾರಿರಬೇಕು" ಎಂದು ನಕ್ಕರು. ರಾಧಾಮಣಿಯ ಗಂಡ ಅನಂತರಾಜು ಅಂದಿನಿಂದ ಮಗಳ ಅಳುವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಕಿಕೊಂಡವಳು ಅತ್ತೆ ದೊಡ್ಡಲಕ್ಷ್ಮಮ್ಮ. "ನೋವಿಗೆ ನೋವೇ ಮದ್ದು ಕಣೆ. ನನ್ ಸೊಂಟ ಹಿಡ್ಕಂಡಾಗ ನಮ್ಮವ್ವ ಬರೆ ಹಾಕಿದ್ಲು. ಹಂಗೇ ಎದ್ದು ಓಡಾಡ್ದೆ" ಎಂದಳು. ಅವಳ ಸೊಂಟದ ಮೇಲೆ ಆ ಗುರುತು ಇನ್ನೂ ಇತ್ತು. ಸುಳ್ಳು ಹೇಳುವ ಮುದುಕಿಯೂ ಅಲ್ಲ. ಒಂದು ಮಂಗಳವಾರ ಬೆಳಿಗ್ಗೆ ಒಲೆಯಲ್ಲಿ ಕಬ್ಬಿಣದ ಸಲಾಕೆ ಕಾಯಿಸಿದರು. ಅನಂತರಾಜು ಭುಜ ಅದುಮಿ ಹಿಡಿದ. ರಾಧಾಮಣಿ ಕಾಲು ಹಿಡಿದಳು. ಮುದುಕಿ ಬೆನ್ನಿಗೆ ಹಾಕಿದ್ದು ಮೂರು ಬರೆ. ಮೂರನೆಯದಕ್ಕೆ ಹುಡುಗಿಯ ಗಂಟಲಿನಿಂದ ದನಿಯೇ ಹೊರಡಲಿಲ್ಲ.

ಮಾರನೇ ದಿನ ಅಜ್ಜಿ ಕೇಳಿದಳು, "ಹೆಂಗೈತವ್ವ?"

"ಹೋಯ್ತು," ಎಂದಳು ನವ್ಯ.

ಅಲ್ಲಿಂದ ಎಂಟು ತಿಂಗಳು ಅವಳು ಬೆನ್ನಿನ ಮಾತೆತ್ತಲಿಲ್ಲ. ಮನೆ ಹಗುರಾಯಿತು. ರಾಧಾಮಣಿ ಮನೆದೇವರಿಗೆ ತಂಬಿಟ್ಟಿನ ಆರತಿಯನ್ನೂ ಮಾಡಿದಳು. ಆಮೇಲೊಂದು ಮಧ್ಯಾಹ್ನ ಕಾಲೇಜಿನಿಂದ ಫೋನು ಬಂತು: ನಿಮ್ಮ ಹುಡುಗಿ ರಕ್ತ ವಾಂತಿ ಮಾಡಿ ಬಿದ್ದಿದ್ದಾಳೆ. ಅವಳ ಜಾಮಿಟ್ರಿ ಬಾಕ್ಸಿನ ತುಂಬ ನೋವಿನ ಮಾತ್ರೆಯ ಖಾಲಿ ಸ್ಟ್ರಿಪ್‌ಗಳಿದ್ದವು. ದಿನಕ್ಕೆ ಐದು, ಆರು ನುಂಗಿ ನುಂಗಿ ಹೊಟ್ಟೆಯಲ್ಲಿ ಹುಣ್ಣಾಗಿತ್ತು.

ರಾಮನಗರದ ಆಸ್ಪತ್ರೆಯಲ್ಲಿ ಒಂದು ವಾರ ಮಲಗಿಸಿದರು. ರಕ್ತ ನಿಂತ ಮೇಲೆ ಅವಳನ್ನು ನೋಡಲು ಬಂದವರು ನೋವಿನ ಡಾಕ್ಟರು ನಿಖಾತ್. ಎಕ್ಸ್‌ರೇಯನ್ನು ಪಕ್ಕಕ್ಕಿಟ್ಟು, ಐಸ್ ಹಾಕಿದ ನೀರಿನ ಬಕೆಟ್ಟು ತರಿಸಿದರು. ಕೈಯಲ್ಲಿ ಒತ್ತಿ ನೋವು ಅಳೆಯುವ, ರಬ್ಬರ್ ತುದಿಯ ಒಂದು ಸಣ್ಣ ಯಂತ್ರ.

"ಇವಳಿಗೆ ಹೆದರಿಕೆ ಆಗಬಾರದು. ಮೊದಲು ನೀವು ಮಾಡಿಸಿಕೊಳ್ಳಿ," ಎಂದು ರಾಧಾಮಣಿಯನ್ನೇ ಕೂರಿಸಿದರು.

ಯಂತ್ರ ಎಡ ಮೊಣಕಾಲಿನ ಕೆಳಗೆ ಒತ್ತಿತು. ಹತ್ತಕ್ಕೆ ಎಷ್ಟು ನೋವು ಎಂದು ಕೇಳಿದರು. ಆರು ಎಂದಳು. ಆಮೇಲೆ ಬಲಗೈಯನ್ನು ಐಸ್ ನೀರಿನಲ್ಲಿ ಮುಳುಗಿಸಿ ಇಟ್ಟುಕೊಳ್ಳಲು ಹೇಳಿದರು. ಬೆರಳು ಕಿತ್ತು ಬರುವಂತಾಯಿತು. ಕಾಲಿನ ಮೇಲೆ ಮತ್ತೆ ಅಷ್ಟೇ ಒತ್ತಿದರು. "ಮೂರೂ ಇಲ್ಲ ಮೇಡಂ," ಎಂದಳು ರಾಧಾಮಣಿ, ಅವಳಿಗೇ ಆಶ್ಚರ್ಯ.

ನವ್ಯಳ ಸರದಿ. ಮೊದಲು ಆರು. ಕೈ ನೀರಿಗೆ ಹೋದ ಮೇಲೆ ಎಂಟು. ಸ್ವಲ್ಪ ಬಿಟ್ಟು ಒತ್ತಿದಾಗ ಅವಳು ಅಂಕಿ ಹೇಳಲಿಲ್ಲ, ಕಾಲನ್ನೇ ಎಳೆದುಕೊಂಡಳು. ಡಾಕ್ಟರು ತಕ್ಷಣ ನಿಲ್ಲಿಸಿ ಕೈಗೆ ಟವೆಲ್ ಸುತ್ತಿದರು.

"ಮಿದುಳಿನಿಂದ ಕೆಳಗೆ ಒಂದು ಬ್ರೇಕ್ ಇರುತ್ತಮ್ಮ. ಮೈಗೆ ಹೊಸ ನೋವು ಬಂದರೆ ಆ ಬ್ರೇಕ್ ಬಿದ್ದು ಹಳೇದು ತಗ್ಗುತ್ತೆ. ನಿಮಗಾಗಿದ್ದು ಅದೇ. ತುಂಬಾ ದಿನ ನೋವು ತಿಂದ ಕೆಲವು ಮಕ್ಕಳಲ್ಲಿ ಅದು ಸರಿಯಾಗಿ ಹಿಡಿಯಲ್ಲ. ಬೆನ್ನು ಡೊಂಕಿರೋರಿಗೆಲ್ಲ ಹೀಗೇ ಅಂತಲ್ಲ, ಇವಳಿಗೆ ಹೀಗಾಗಿದೆ. ಡೊಂಕು ಕಮ್ಮಿ ಇದ್ದರೂ ನೋವು ನಿಜ."

ರಾಧಾಮಣಿ ಮಗಳ ಬೆನ್ನಿನ ಕಡೆ ಕೈ ತೋರಿಸಿದಳು. "ಹಂಗಾರೆ... ಇವಳಿಗೆ ಬರೆ ಹಾಕ್ಸಿದ್ವಿ ಮೇಡಂ. ಹೋಯ್ತು ಅಂದ್ಲು."

ಡಾಕ್ಟರು ನವ್ಯಳ ಅಂಗಿ ಸರಿಸಿ ನೋಡಿದರು.

"ಹೋಗ್ಲಿಲ್ಲ," ಎಂದಳು ನವ್ಯ, ಗೋಡೆ ನೋಡುತ್ತಾ. "ಜಾಸ್ತಿ ಆಯ್ತು. ಹಂಗ್ ಹೇಳಿದ್ರೆ ಇನ್ನೊಂದ್ ಸಲ ಹಾಕ್ತಿದ್ರಿ."

ವಾರಕ್ಕೆರಡು ದಿನ ವ್ಯಾಯಾಮ, ಹೊತ್ತಿಗೆ ಸರಿಯಾಗಿ ನಿದ್ದೆ, ಒಂದು ಸಣ್ಣ ಮಾತ್ರೆ. ತಿಂಗಳುಗಟ್ಟಲೆ ಹಿಡಿಯಬಹುದು, ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದರು ಡಾಕ್ಟರು. ಊರಿಗೆ ಬಂದು ರಾಧಾಮಣಿ ಎಲ್ಲವನ್ನೂ ಹೇಳಿದಳು. ಅನಂತರಾಜು ಹೊಲಕ್ಕೆ ಎದ್ದುಹೋದ. ಮುದುಕಿ ಮಾತ್ರ ಕೂತೇ ಇದ್ದು, "ನಂಗೆ ಹೋಗಿತ್ತು ಕಣವ್ವ, ನಿಜವಾಗ್ಲೂ ಹೋಗಿತ್ತು," ಎನ್ನುತ್ತಲೇ ಇದ್ದಳು.

ಆ ವರ್ಷ ನವ್ಯ ಪರೀಕ್ಷೆ ಬರೆಯಲಿಲ್ಲ. ಕೆಲವು ದಿನ ನೋವು ಒಂದಿಷ್ಟು ತಗ್ಗುತ್ತಿತ್ತು, ಹೆಚ್ಚಿನ ದಿನ ತಗ್ಗುತ್ತಿರಲಿಲ್ಲ. ಒಂದು ಸಂಜೆ ಅವಳು ಕಂಬಕ್ಕೊರಗಿ ನಿಂತು ಸೊಪ್ಪು ಬಿಡಿಸಿಕೊಡುತ್ತಿದ್ದಾಗ ರಾಧಾಮಣಿ ತಲೆಯೆತ್ತದೆ ಕೇಳಿದಳು:

"ನನ್ ಮ್ಯಾಲೆ ಸಿಟ್ಟೈತಾ?"

ನವ್ಯ ಕೈಯಲ್ಲಿದ್ದ ಕಡ್ಡಿಯನ್ನು ಪೂರ್ತಿ ಬಿಡಿಸಿ ಕೆಳಗೆ ಹಾಕಿದಳು.

"ಐತೆ," ಎಂದಳು.

ರಾಧಾಮಣಿ ತಲೆಯಾಡಿಸಿ, ಸೊಪ್ಪಿನ ತಟ್ಟೆಯನ್ನು ಮಗಳು ಬಗ್ಗಬೇಕಾಗದ ಹಾಗೆ ಎತ್ತಿ ಹಿಡಿದಳು.