ಗಾಣ ಇಲ್ಲಿದು, ಕಾಯಿ ತರೀಕೆರೆದು

೧

ಎಲ್ಲಿಂದ ಶುರು ಮಾಡುವುದು? ಎಣ್ಣೆಯಿಂದ ಶುರು ಮಾಡಿದರೆ ಓದುಗರು ಜಾರಿಹೋಗುತ್ತಾರೆಂದು (ಕ್ಷಮಿಸಿ, ಈ ಕಥೆಗಾರನಿಗೆ ಹೊಳೆಯುವುದು ಇಂಥ ಜೋಕುಗಳೇ) ಮೊದಲ ಡ್ರಾಫ್ಟನ್ನು ಭೂಮಿ ಬಿಸಿಯಾಗುವುದರಿಂದ ಶುರು ಮಾಡಿದ್ದ. ಎರಡು ಪುಟ ಮುಗಿದರೂ ಅದರೊಳಗೆ ಒಬ್ಬ ಮನುಷ್ಯನೂ ಬರಲಿಲ್ಲ. ಹರಿದು ಹಾಕಿದ. ಈಗ ನೇರವಾಗಿ ದೇವಕಿಯಿಂದ.

೨

ದೇವಕಿ ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಮೆಸ್ ನಡೆಸುತ್ತಾಳೆ. ಬಾಗಿಲ ಪಕ್ಕದ ಕರಿಹಲಗೆಯಲ್ಲಿ ‘ಸಾವಯವ ಎಣ್ಣೆಯ ಅಡುಗೆ’ ಎಂದು ಬರೆದಿತ್ತು. ಸರ್ಟಿಫಿಕೇಟಿನ ಮುದ್ರೆಯಿದ್ದ ಕೊಬ್ಬರಿ ಎಣ್ಣೆ ತಮಿಳುನಾಡಿನಿಂದ ಬರುತ್ತಿತ್ತು. ಒಂದು ದಿನ ಟಿನ್ನಿನ ಮೇಲಿನ ವಿಳಾಸವನ್ನು ಫೋನಿನಲ್ಲಿ ಹುಡುಕಿದಳು. ಐನೂರು ಕಿಲೋಮೀಟರು.

“ಒಂದು ಒಗ್ಗರಣೆಗೆ ಇಷ್ಟು ಡೀಸೆಲ್ ಸುಡ್ಬೇಕಾ?” ಎಂದುಕೊಂಡಳು.

(ಇಲ್ಲಿ ಕಥೆಗಾರ ಅವಳಿಗೊಂದು ಉದ್ದನೆಯ ಪರಿಸರ ಭಾಷಣ ಬರೆದುಕೊಟ್ಟಿದ್ದ. “ಅದೆಲ್ಲ ನನ್ನ ಬಾಯಲ್ಲಿ ಬರಲ್ಲ ಮಾರಾಯ, ತೆಗಿ,” ಎಂದಳು. ತೆಗೆದ.)

೩

ಬಸ್ಸು ಹತ್ತಿ ಪಕ್ಕದ ನರಸಿಂಹರಾಜಪುರಕ್ಕೆ ಹೋದಳು. ಅಲ್ಲಿ ಭೈರಪ್ಪ ಮರದ ಗಾಣ ನಡೆಸುತ್ತಾನೆ. ಕಥೆಗಾರ ಅವನನ್ನು ಮೋಸಗಾರನನ್ನಾಗಿ ಮಾಡಲು ಕಲಬೆರಕೆಯ ಡಬ್ಬ, ಬೀಗ ಹಾಕಿದ ಹಿಂದಿನ ಕೋಣೆ, ಹುರಿಮೀಸೆ ಎಲ್ಲ ಸಿದ್ಧ ಮಾಡಿಟ್ಟಿದ್ದ. ಭೈರಪ್ಪ ಒಂದಕ್ಕೂ ಬಗ್ಗಲಿಲ್ಲ.

“ಗಾಣ ಇಲ್ಲಿದು ಅಕ್ಕ. ಕಾಯಿ ತರೀಕೆರೆ ಹತ್ರ ನನ್ನ ತಂಗಿ ತೋಟದ್ದು. ಸಗಣಿ ಗೊಬ್ಬರ ಬಿಟ್ರೆ ಬೇರೆ ಎಂತದೂ ಹಾಕಲ್ಲ. ಆದ್ರೆ ಸರ್ಟಿಫಿಕೇಟ್ ಇಲ್ಲ. ಹಾಗಾಗಿ ಸಾವಯವ ಅಂತ ನಾನು ಹೇಳಲ್ಲ.”

“ಮತ್ತೆ ನಾನು ಬೋರ್ಡಲ್ಲಿ ಎಂತ ಬರೀಲಿ?”

“ಬೋರ್ಡು ನಿಮ್ದಲ್ವಾ.”

ದೇವಕಿಗೆ ಸಿಟ್ಟು ಬಂತು. ಅವನ ಮೇಲೆ ನಂಬಿಕೆ ಬಂದದ್ದೂ ಆಗಲೇ. ಹತ್ತು ಲೀಟರ್ ಹೊತ್ತು ತಂದಳು.

೪

ತ್ರ್ಯಂಬಕ ತಿಂಗಳಿಗೊಮ್ಮೆ ಶೃಂಗೇರಿಗೆ ಯಾತ್ರಿಕರ ಬಸ್ಸು ತರುವವನು. ಅವನು ಬಂದರೆ ಒಮ್ಮೆಗೇ ನಲವತ್ತು ಎಲೆ ಹಾಕಬೇಕು. ‘ಸಾವಯವ’ ಎಂಬ ಮಾತು ನೋಡಿಯೇ ಅವನು ಇಲ್ಲಿ ಬಸ್ಸು ನಿಲ್ಲಿಸತೊಡಗಿದ್ದು. ಎಣ್ಣೆ ಬದಲಾದದ್ದನ್ನು ಹೇಳದೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ದೇವಕಿ ಎರಡು ದಿನ ಹೇಳದೆಯೇ ಇದ್ದಳು. ಎರಡು ದಿನವೂ ಅವಳಿಗೆ ಊಟ ಸೇರಲಿಲ್ಲ.

(“ಸುಮ್ಮನಿರು, ಕಥೆಗೆ ಒಳ್ಳೆ ಟೆನ್ಶನ್,” ಎಂದ ಕಥೆಗಾರ. “ನಿನಗೆ ಕಥೆ. ಅವರ ಮುಖ ನೋಡಿ ಬಡಿಸೋಳು ನಾನು.”)

ಮೂರನೆಯ ಬೆಳಿಗ್ಗೆ ಒದ್ದೆ ಬಟ್ಟೆ ತಂದು ಹಲಗೆ ಒರೆಸಿದಳು. ‘ಎಣ್ಣೆ ಎನ್.ಆರ್. ಪುರದ ಗಾಣದ್ದು. ಕಾಯಿ ತರೀಕೆರೆಯದ್ದು. ಸರ್ಟಿಫಿಕೇಟ್ ಇಲ್ಲ’ ಎಂದು ಬರೆದಳು. ತ್ರ್ಯಂಬಕನಿಗೂ ಫೋನ್ ಮಾಡಿ ಇದನ್ನೇ ಹೇಳಿದಳು.

“ನಮ್ಮವರನ್ನ ಕೇಳಿ ನೋಡ್ತೀನಿ ಅಕ್ಕ,” ಎಂದು ಅವನು ಫೋನ್ ಇಟ್ಟ.

೫

ಒಂದು ಮುಕ್ತಾಯ: ಬಸ್ಸು ಬಂತು, ಎಲ್ಲರೂ ಎರಡೆರಡು ಸಲ ಪಲ್ಯ ಹಾಕಿಸಿಕೊಂಡರು. (ಎಣ್ಣೆಯ ಜಾಹೀರಾತಿನ ಹಾಗಿದೆ.)

ಇನ್ನೊಂದು: ಬಸ್ಸು ಬರಲಿಲ್ಲ, ದೇವಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. (“ಅಳೋದಾದ್ರೆ ನೀನೇ ಅಳು,” ಎಂದಳು.)

ಬಸ್ಸು ಬರಬೇಕಾದ ಭಾನುವಾರ ಹತ್ತೂವರೆಯಾದರೂ ತ್ರ್ಯಂಬಕನ ಫೋನಿಲ್ಲ. ಮಾಡಿದರೆ ಎತ್ತುತ್ತಿಲ್ಲ. ನಲವತ್ತು ಜನಕ್ಕೆ ಅನ್ನಕ್ಕಿಡಬೇಕೋ ಬೇಡವೋ ಎಂದು ದೇವಕಿ ಕಥೆಗಾರನನ್ನು ಕೇಳಿದಳು.

“ನನಗೂ ಗೊತ್ತಿಲ್ಲ.”

“ಗೊತ್ತಿಲ್ದೆ ಎಂತಕ್ಕೆ ಬರೀತೀಯ ಮಾರಾಯ?”

ಉತ್ತರಕ್ಕೆ ಅವಳು ಕಾಯಲಿಲ್ಲ. ನಲವತ್ತು ಜನಕ್ಕಾಗುವಷ್ಟು ಅಕ್ಕಿ ಅಳೆದು ತೊಳೆಯಲು ಕೂತಳು. ಘಟ್ಟದ ಕಡೆಯಿಂದ ಒಂದು ಹಾರ್ನ್ ಕೇಳಿತು. ಯಾವ ಬಸ್ಸಿನದೋ. ಕಥೆಗಾರ ನೋಡಲು ಎದ್ದ.

“ಬಂದ್ರೆ ಬರ್ತಾರೆ. ಅಲ್ಲಿ ಮಣೆ ಇದೆ, ಕೂತು ಕಾಯಿ ತುರಿ,” ಎಂದಳು ದೇವಕಿ.

ಅವನು ಪೆನ್ನು ಕೆಳಗಿಟ್ಟು