ನೂರಿಪ್ಪತ್ತೆಂಟು ಎಂ.ಬಿ.

ಮೂವತ್ತೇಳಕ್ಕೆ ಬಂದು ಮತ್ತೆ ನಿಂತಿತು. ಪರದೆಯ ನೀಲಿ ಪಟ್ಟಿ ಏದುಸಿರು ಬಿಡುತ್ತಾ ಶೇಕಡಾ ಮೂವತ್ತೇಳರವರೆಗೆ ತೆವಳಿ, ಮುಂದೆ ಹೋಗಲು ಮನಸ್ಸಿಲ್ಲದೆ, ಹಿಂದೆ ಹೋಗಲು ಮುಖವಿಲ್ಲದೆ ಕೂತುಬಿಟ್ಟಿತು. ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಸಿ.ಡಿ. ಮಾತ್ರ ಕಿರ್ರ್ ಕಿರ್ರ್ ಎಂದು ಸುತ್ತುತ್ತಲೇ ಇತ್ತು. ಶಿವಗಂಗಾ ಮೌಸು ಅಲ್ಲಾಡಿಸಿದಳು. ಬಾಣ ಅಲ್ಲಾಡಲಿಲ್ಲ.

"ಯಾತ್ರಿಗಳೇ ದಯವಿಟ್ಟು ಗಮನಿಸಿ," ಎಂದು ಜೊತೆಗೆಲಸದ ಲೋಕೇಶ್ ರೈಲ್ವೆ ಸ್ಟೇಷನ್ನಿನ ಹೆಣ್ಣುದನಿ ತೆಗೆದ. "ಲಿನಕ್ಸ್ ಎಕ್ಸ್‌ಪ್ರೆಸ್ ಮೂರನೇ ಬಾರಿಗೆ ಮೂವತ್ತೇಳನೇ ಪರ್ಸೆಂಟಿನಲ್ಲಿ ನಿಂತಿರುತ್ತದೆ. ತಮಗುಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ಹಾಗೆ ಹೇಳುವಾಗಲೂ ಅವನ ಎರಡು ಬೆರಳು ಗೋಡೆಯ ಸಾಕೆಟ್ಟಿನ ಮೇಲೇ ಇದ್ದವು. ಪ್ಲಗ್ಗು ಸಡಿಲ, ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಬೆರಳು ತೆಗೆದರೆ ಎಲ್ಲ ಮೊದಲಿಂದ.

"ಬಾಯಿ ಸಡಿಲ ಆದ್ರೂ ಚಿಂತಿಲ್ಲ ಲೋಕೇಶಣ್ಣ, ಬೆರಳ ಗಟ್ಟಿ ಹಿಡೀರಿ."

"ಹಿಡ್ದಿದೀನಿ ತಾಯಿ. ನೂರಿಪ್ಪತ್ತೆಂಟು ಎಂ.ಬಿ.! ನನ್ ಫೋನಲ್ಲೇ ಇದಕ್ಕಿಂತ ಜಾಸ್ತಿ ಮೆಮೊರಿ ಇದೆ. ಇದ್ರೊಳಗೆ ಲಿನಕ್ಸ್ ಹಾಕೋದು ಅಂದ್ರೆ ಒಂದ್ ಆಟೋದಲ್ಲಿ ಮದುವೆ ದಿಬ್ಬಣ ಪೂರ್ತಿ ಕೂರಿಸ್ದಂಗೆ."

"ಕೂಡ್ತಾರ್ರಿ. ಗಂಟು ಪೆಟ್ಟಿಗಿ ಒಳಗ ತರಬಾರದು, ಅಷ್ಟ," ಎಂದು ಶಿವಗಂಗಾ ಸ್ವಿಚ್ಚು ಒತ್ತಿ ಹಿಡಿದು ಲ್ಯಾಪ್‌ಟಾಪನ್ನು ಆರಿಸಿದಳು.

ಶನಿವಾರ, ಮಧ್ಯಾಹ್ನ ಎರಡೂವರೆ. ಪೀಣ್ಯ ಎರಡನೇ ಹಂತದ ರಾಮಯ್ಯನ ವರ್ಕ್‌ಶಾಪಿನಲ್ಲಿ ಐದು ಮೆಷಿನ್ನುಗಳಿದ್ದವು, ನಾಲ್ಕು ಓಡುತ್ತಿದ್ದವು. ಐದನೆಯದು, ಎಲ್ಲಕ್ಕಿಂತ ದೊಡ್ಡದು, ಕಂಪ್ಯೂಟರ್ ಹೇಳಿದಂತೆ ಕಬ್ಬಿಣ ಕಡೆಯುವ ಲೇತು. ಆಯುಧಪೂಜೆಯ ಕುಂಕುಮವನ್ನು ಹಣೆಯಲ್ಲಿ ಒಣಗಿಸಿಕೊಂಡು, ಕೊರಳ ಚೆಂಡುಹೂವನ್ನು ಬಾಡಿಸಿಕೊಂಡು ಸುಮ್ಮನೆ ನಿಂತಿತ್ತು. ನಾಲ್ಕು ಗಂಟೆಗೆ ಗುಜರಿಯವನು ಬಂದು ಅದನ್ನು ತೂಕಕ್ಕೆ ಎತ್ತಿಕೊಂಡು ಹೋಗುವವನಿದ್ದ.

ಅದು ಹೋದರೆ ಶಿವಗಂಗಾ ಮತ್ತೆ ಬೆಂಚಿಗೆ. ಬೆಂಚು ಎಂದರೆ ಮೂಲೆಯ ಮರದ ಮೇಜು. ಕಡೆದ ತುಂಡುಗಳ ಅಂಚಿನಲ್ಲಿ ಏಳುವ ಮುಳ್ಳನ್ನು ಅರದಿಂದ ಉಜ್ಜಿ ಉಜ್ಜಿ ತೆಗೆಯುವ, ಅಲ್ಲಿಯವರ ಮಾತಿನಲ್ಲಿ 'ಫೈಲು ಹೊಡೆಯುವ' ಜಾಗ. ಸಿಂದಗಿಯಿಂದ ಐ.ಟಿ.ಐ. ಸರ್ಟಿಫಿಕೇಟು ಹಿಡಿದು ಬಂದವಳಿಗೆ ಒಂದೂವರೆ ವರ್ಷ ಅದೇ ಕೆಲಸ ಸಿಕ್ಕಿತ್ತು. ಹೆಣ್ಣುಮಗಳ ಕೈಗೆ ಯಾರಾದರೂ ಮೆಷಿನ್ ಕೊಡುತ್ತಾರೆಯೇ? ಕೊನೆಗೆ ದೊಡ್ಡ ಲೇತಿನ ಭೀಮಪ್ಪ ಕೆಲಸ ಬಿಟ್ಟು ಊರು ಸೇರಿದ ಮೇಲೆ, ಬೇರೆ ಯಾರೂ ಗಿಟ್ಟದೆ, ಯುಗಾದಿ ಕಳೆದ ವಾರ ರಾಮಯ್ಯ ಅವಳನ್ನು ಅದರ ಮುಂದೆ ನಿಲ್ಲಿಸಿದ್ದ. ಆರು ತಿಂಗಳಲ್ಲಿ ಅವಳ ಒಂದು ತುಂಡೂ ವಾಪಸು ಬಂದಿರಲಿಲ್ಲ. ಒಂದೂವರೆ ವರ್ಷ ಫೈಲು ಹೊಡೆದವಳು ಈಗ ಫೈಲೊಂದನ್ನು ಹುಡುಕುತ್ತಿದ್ದಳು. ಅದು ಈ ಲ್ಯಾಪ್‌ಟಾಪಿನಲ್ಲಿತ್ತು.

ಅಂಥ ಲೇತಿಗೆ ತನ್ನ ಮೈಯ ಲೆಕ್ಕವೆಲ್ಲ ಅಂಕಿಗಳಲ್ಲಿ ನೆನಪಿರುತ್ತದೆ: ತನ್ನ ಕೈ ಎಷ್ಟುದ್ದ, ಎಲ್ಲಿಗೆ ನಿಲ್ಲಬೇಕು, ಯಾವ ವೇಗ ಮೀರಬಾರದು. ಹಬ್ಬ ಮುಗಿಸಿ ಗುರುವಾರ ಸ್ವಿಚ್ಚು ಹಾಕಿದರೆ ಆ ನೆನಪೆಲ್ಲ ಖಾಲಿ. ಸರ್ವೀಸಿನವನು ಫೋನಿನಲ್ಲೇ ಕೈ ತೊಳೆದುಕೊಂಡ. ಅವನ ಮೂಗುದನಿಯನ್ನು ಲೋಕೇಶ್ ಎರಡು ದಿನದಿಂದ ಟೀ ಹೊತ್ತಿಗೊಮ್ಮೆ ನುಡಿಸುತ್ತಿದ್ದ: "ಸೀ ಮಿಸ್ಟರ್ ರಾಮಯ್ಯ, ಕಂಟ್ರೋಲರ್ ಈಸ್ ವೆರಿ ಓಲ್ಡ್. ಡೇಟಾ ನಮ್ಮತ್ರ ಇಲ್ಲ. ಹೊಸಾ ಮೆಷಿನ್ ತಗೊಂಬಿಡಿ, ಬೆಸ್ಟು."

ಆ ಅಂಕಿಗಳ ಒಂದು ನಕಲನ್ನು ಭೀಮಪ್ಪ ಹಿಂದೊಮ್ಮೆ ಇದೇ ಲ್ಯಾಪ್‌ಟಾಪಿಗೆ ಇಳಿಸಿಟ್ಟಿದ್ದ. ಆದರೆ ಇದರ ವಿಂಡೋಸ್ ಮಳೆಗಾಲದಲ್ಲಿ ಮಲಗಿದ್ದು ಎದ್ದಿರಲಿಲ್ಲ. ಬೇರೆ ಕಂಪ್ಯೂಟರಿನಿಂದ ಕಳಿಸೋಣವೆಂದರೆ, ಲೇತಿನ ಕಾಲದ ಒಂಬತ್ತು ಹಲ್ಲಿನ ಕೇಬಲ್ಲು ಕಚ್ಚಲು ಹೊಸವುಗಳಲ್ಲಿ ಬಾಯೇ ಇಲ್ಲ. ಲೋಕೇಶ್ ತಂದ ಕನ್ವರ್ಟರು ಹತ್ತು ಅಕ್ಷರಕ್ಕೆ ಒಂದನ್ನು ನುಂಗುತ್ತಿತ್ತು. ಈ ಲ್ಯಾಪ್‌ಟಾಪೇ ಏಳಬೇಕು. ಐ.ಟಿ.ಐ.ಯಲ್ಲಿ ಚನಬಸಪ್ಪ ಮಾಸ್ತರು ಇದಕ್ಕಿಂತ ಮುದಿಯಾದ ಆರು ಕಂಪ್ಯೂಟರುಗಳನ್ನು ವಿಂಡೋಸಿನ ಬದಲು ಲಿನಕ್ಸ್ ಹಾಕಿ ಹಾಕಿ ಬದುಕಿಸಿಕೊಂಡಿದ್ದರು. ಅವರು ಕೊಟ್ಟಿದ್ದ ಸಿ.ಡಿ. ಶಿವಗಂಗಾಳ ಟ್ರಂಕಿನಲ್ಲಿತ್ತು.

ಲೇತಿಗೆ ವಯಸ್ಸಾಯಿತು ಎಂದು ರಾಮಯ್ಯ ಅಂದ, ಲೋಕೇಶ್ ಅಂದ, ಎಲ್ಲರೂ ಅಂದರು. ಶಿವಗಂಗಾ ಅನ್ನಲಿಲ್ಲ. ಆ ವರ್ಕ್‌ಶಾಪಿನಲ್ಲಿ ಒಂದು ಕಟ್ಟಳೆಯಿತ್ತು: ದೇವರಾಗಿ ಕೂರುವ ಹೊತ್ತಿನಲ್ಲಿ ಮೆಷಿನ್ನಿನ ಮೈಯಲ್ಲಿ ಕರೆಂಟು ಹರಿಯಬಾರದು. "ಮೇನ್ ಇಳ್ಸ್ರೋ" ಎಂದು ರಾಮಯ್ಯ ಕೂಗಿದ ಮೇಲೆಯೇ ಕುಂಕುಮ. ತನ್ನದೇ ಮೆಷಿನ್ನಿನ ಮೊದಲ ಹಬ್ಬ. ಅವಳು ಸೀಮೆಎಣ್ಣೆಯಲ್ಲಿ ಮೂಲೆ ಮೂಲೆ ಒರೆಸಿ, ಹಬ್ಬಕ್ಕೆ ಇದಕ್ಕೂ ಏನಾದರೂ ಹೊಸತು ಬೇಡವೇ ಎಂದು ಅದರ ಪಕ್ಕೆಯ ಡಬ್ಬಿಯಲ್ಲಿದ್ದ, ಟಾರ್ಚಿನಲ್ಲಿರುವಂಥ ಮೂರು ದಪ್ಪ ಸೆಲ್ಲುಗಳನ್ನು ತೆಗೆದು, ಹೊಸ ಸೆಲ್ಲು ಹಾಕಿದ್ದಳು. ಮೇನು ಇಳಿದಾಗ ಆ ನೆನಪನ್ನು ಕಾಯುತ್ತಿದ್ದುದು ಆ ಮೂರು ಸೆಲ್ಲುಗಳೇ. ಅವನ್ನು ಕರೆಂಟು ಇರುವಾಗಲೇ ಬದಲಿಸಬೇಕು ಎಂಬುದು ಇಂಗ್ಲಿಷ್ ಪುಸ್ತಕದ ಇನ್ನೂರ ಚಿಲ್ಲರೆಯ ಪುಟದಲ್ಲಿತ್ತು. ಅವಳು ಅದನ್ನು ಓದಿದ್ದು ಗುರುವಾರ ಸಂಜೆ.

ನಾಲ್ಕನೆಯ ಸಲ ಅವಳು ಗಂಟು ಪೆಟ್ಟಿಗೆ ಹೊರಗೇ ಬಿಟ್ಟಳು. ಚಿತ್ರವಿಲ್ಲ, ಬಣ್ಣವಿಲ್ಲ, ಬಾಣವಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಭಾಷೆ ಕೇಳಿತು, ಊರು ಕೇಳಿತು. ಡಿಸ್ಕಿನ ಹತ್ತಿರ ಬರುತ್ತಿದ್ದಂತೆ ಗಕ್ಕನೆ ನಿಂತಿತು. ಶಿವಗಂಗಾ ಎರಡು ಕೀಲಿ ಒಟ್ಟಿಗೆ ಒತ್ತಿ ಹಿಂದಿನ ಪರದೆಗೆ ಹೋದಳು. ಕಂಪ್ಯೂಟರು ತನ್ನೊಳಗಿನ ಗೊಣಗಾಟವನ್ನೆಲ್ಲ ಬರೆದುಕೊಳ್ಳುವ ಜಾಗ ಅದು. ಕೊನೆಯ ಸಾಲಿನಲ್ಲಿ 'ಔಟ್ ಆಫ್ ಮೆಮೊರಿ' ಎಂದೂ, ಅದರ ಪಕ್ಕ 'ಕಿಲ್ಡ್' ಎಂದೂ ಇತ್ತು.

ಲೋಕೇಶ್ ಕುತ್ತಿಗೆ ಚಾಚಿ ಓದಿ, ಠಾಣೆಯ ಹೆಡ್ ಕಾನ್‌ಸ್ಟೇಬಲ್ಲಿನ ದನಿಗೆ ಇಳಿದ. "ಕೊಲೆ ಆಗಿದೆ. ಯಾರ್ರೀ ಮಾಡಿದ್ದು? ಮರ್ಯಾದೆಯಾಗಿ ಮುಂದೆ ಬನ್ನಿ."

ಶಿವಗಂಗಾಳ ಕೈ ಕೀಲಿಗಳ ಮೇಲೆ ಹಾಗೆಯೇ ನಿಂತಿತು.

"ತಮಾಷೆ ಕಣಮ್ಮಾ. ಮುಖ ಯಾಕ್ ಹಂಗೆ?"

ಅಷ್ಟರಲ್ಲಿ ಬಾಗಿಲಲ್ಲಿ ರಾಮಯ್ಯನ ಚಪ್ಪಲಿ ಸದ್ದಾಯಿತು. ಅವನ ಅಪ್ಪ ಹುರುಳಿ ಬೆಳೆಯುತ್ತಿದ್ದ ನೆಲದ ಮೇಲೇ ಈ ಶೆಡ್ಡು ನಿಂತಿತ್ತು; ಈಗಲೂ ಅವನು ಹೊಲದ ಬದುವಿನ ಮೇಲೆ ನಡೆಯುವವನಂತೆ ಹೆಜ್ಜೆ ನೋಡಿಕೊಂಡೇ ನಡೆಯುತ್ತಿದ್ದ. ಹಿಂದೆಯೇ ಗುಜರಿಯವನು, ಮುಕ್ಕಾಲು ಗಂಟೆ ಮೊದಲೇ ಬಂದಿದ್ದ.

"ಏನವ್ವಾ ಗಂಗವ್ವ, ಎದ್ನಾ ನಿನ್ ಲಿಂಗಪ್ಪ?" ಲಿನಕ್ಸ್ ಎಂಬ ಹೆಸರನ್ನು ರಾಮಯ್ಯ ಗುರುವಾರವೇ ಲಿಂಗಪ್ಪನಿಗೆ ಒಗ್ಗಿಸಿಕೊಂಡಿದ್ದ.

"ಇನ್ನೊಂದು ಸಲ ನೋಡ್ತೀನ್ರಿ ಸಾವ್ಕಾರ್ರ."

"ಎಷ್ಟ್ ಸಲ ಅಂತ ನೋಡ್ತೀಯ? ಓಗ್ಲಿ ಬಿಡು. ಅದ್ಕೂ ವಯಸ್ಸಾಗೈತೆ, ನಂಗೂ ಆಗೈತೆ. ಇವ್ರು ಮತ್ತೆ ಬರಕಿಲ್ವಂತೆ, ಕ್ರೇನ್ ಬೇರೆ ಕರ್ಕಂಬಂದವ್ರೆ."

ಗುಜರಿಯವನು ಲೇತಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅದರ ಪಕ್ಕೆಗೆ ಬೆರಳ ಗೆಣ್ಣಿನಿಂದ ಟಕಟಕ ಬಡಿದು ನೋಡಿದ. ಹಲಸಿನ ಹಣ್ಣು ಬಡಿದು ನೋಡುವಂತಿತ್ತು. ಶಿವಗಂಗಾ ಎದ್ದು ನಿಂತಳು.

"ಅದಕ್ಕ ವಯಸ್ಸಾಗಿಲ್ರಿ ಸಾವ್ಕಾರ್ರ. ನಾನ ಕೆಡಿಸೀನ್ರಿ."

"ಏನಂದೆ?"

"ಪೂಜಿ ದಿನ ಹೊಸಾ ಸೆಲ್ಲು ಹಾಕಿದ್ನೆಲ್ರಿ, ಮೇನ್ ಇಳಿಸಿದ ಮ್ಯಾಲ ಹಾಕಿದೆ. ಕರೆಂಟ್ ಇದ್ದಾಗನ ಹಾಕಬೇಕಿತ್ತಂತ. ನನಗ ಗೊತ್ತಿದ್ದಿಲ್ರಿ. ಮೊನ್ನಿ ಪುಸ್ತಕದಾಗ ಓದಿದೆ. ಮೆಷಿನ್ ಗಟ್ಟಿ ಐತ್ರಿ. ಅದರ ನೆನಪಷ್ಟ ಹೋಗೈತಿ."

ರಾಮಯ್ಯ ಅವಳ ಹತ್ತಿರ ಬಂದ.

"ಮೊನ್ನೆಯಿಂದ ಇದ್ನ ಒಟ್ಟೇಲಿ ಇಟ್ಕಂಡು ಎಂಗವ್ವ ಊಟ ಮಾಡ್ದೆ?"

"ಮಾಡಿಲ್ರಿ."

ರಾಮಯ್ಯ ತಿರುಗಿ ಗೋಡೆಯ ಮೇಲಿನ ಮೇನ್ ಸ್ವಿಚ್ಚಿನ ಕಬ್ಬಿಣದ ಡಬ್ಬಿಯನ್ನು ನೋಡಿದ. "ಇಳ್ಸ್ರೋ ಅಂತ ಕೂಗ್ದೋನು ನಾನು," ಎಂದು ಡಬ್ಬಿಗೇ ಹೇಳಿದಂತೆ ಹೇಳಿದ. ಆಮೇಲೆ ಗುಜರಿಯವನ ಕಡೆಗೆ, "ಒಂದ್ ಟೀ ಕುಡ್ಕಂಡ್ ಬನ್ನಿ ಓಗಿ."

"ಎಷ್ಟೊತ್ತು ಟೀ ಕುಡೀಲಿ ಸಾರ್?"

"ಬಿಸಿ ಇರ್ತದೆ. ಊದ್ಕಂಡ್ ಊದ್ಕಂಡ್ ಕುಡೀರಿ. ಐದೂವರೆಗೆ ಬನ್ನಿ."

ಅವನು ಗೊಣಗುತ್ತಾ ಹೋದ. ಲೇತು ಎದ್ದರೂ ಅದರ ಮುಂದೆ ಇನ್ನು ಯಾರು ನಿಲ್ಲುವವರು ಎಂಬುದನ್ನು ರಾಮಯ್ಯ ಹೇಳಲಿಲ್ಲ. ಶಿವಗಂಗಾ ಬಾಗಿಲಾಚೆ ನೋಡುತ್ತಿದ್ದಳು. ಬೆಳಿಗ್ಗೆ ಬಂದ ಲಾರಿಯ ಎರಕದ ತುಂಡುಗಳಿಗೆ ಒಳಗೆ ಜಾಗವಿಲ್ಲದೆ ಜಗಲಿಯ ಮೇಲೆ ಒಟ್ಟಿದ್ದರು. ಬೇಕಾದಾಗ ನಾಲ್ಕು ಒಳಗೆ ತರುವುದು, ಕಡೆದದ್ದನ್ನು ಹೊರಗೆ ಸಾಗಿಸುವುದು.

"ಜಗಲಿ," ಎಂದಳು.

"ಏನು?"

"ಇದಕ್ಕೂ ಜಗಲಿ ಬೇಕ್ರಿ ಲೋಕೇಶಣ್ಣ. ಮೆಮೊರಿ ಸಾಲದಿದ್ರ ಡಿಸ್ಕಿನಾಗ ಒಂದಿಷ್ಟು ಜಾಗ ಬಿಟ್ಟು ಅಲ್ಲಿ ಒಟ್ಟಕೋತ ಹೋಗ್ತೈತಿ. ಸ್ವಾಪ್ ಅಂತಾರು. ನಡುವ ಅದ ಮಾಡ್ಕೊಂತೈತಿ, ಆದ್ರ ಇದು ಅಲ್ಲೀತನ ಹೋಗೂದ್ರಾಗ ಸಾಯಾಕತ್ತೈತಿ. ನಾವ ಮೊದಲ ಕಟ್ಟಿ ಕೊಡೂಣು."

"ಕಟ್ಟು ಮತ್ತೆ. ಗಾರೆ ಕಲಸ್ಲಾ?"

ಕಟ್ಟಲು ಜಾಗ ಬೇಕಿತ್ತು. ಡಿಸ್ಕಿನಲ್ಲಿ ಎರಡು ಭಾಗಗಳಿದ್ದವು. ಒಂದರಲ್ಲಿ ಸತ್ತ ವಿಂಡೋಸು, ಇನ್ನೊಂದರಲ್ಲಿ ಭೀಮಪ್ಪನ ಫೈಲು. ವಿಂಡೋಸ್ ಇದ್ದಾಗ ಅವು ಸಿ ಮತ್ತು ಡಿ; ಇಲ್ಲಿ ಒಂದು ಮತ್ತು ಐದು ಎಂಬ ಅಂಕಿಗಳು ಮಾತ್ರ. ಗಾತ್ರವೂ ಸರಿಸುಮಾರು ಒಂದೇ. ಸತ್ತದ್ದನ್ನು ಅಳಿಸಬೇಕು. ಕೈತಪ್ಪಿ ಇನ್ನೊಂದನ್ನು ಅಳಿಸಿದರೆ ಲೇತಿನ ನೆನಪು ಭೂಮಿಯ ಮೇಲೆ ಎಲ್ಲಿಯೂ ಇರುವುದಿಲ್ಲ.

"ಒಂದು ಅನ್ನೋದೇ ಸಿ ಇರುತ್ತೆ, ಒತ್ತು ಗುರು," ಎಂದ ಲೋಕೇಶ್.

"ಇರುತ್ತೆ ಅಂತ ಒತ್ತೂದಿಲ್ಲ. ಒಂದ್ ಸಲ ಗೊತ್ತಿಲ್ದ ಕೈ ಹಾಕಿ ನೋಡೀನಿ."

ಹೊಸ ತುಂಡು ಕಡೆಯುವ ಮೊದಲು ಅವಳು ಉಳಿಯನ್ನು ಬರಿಗಾಳಿಯಲ್ಲಿ ಒಮ್ಮೆ ಓಡಿಸಿ ನೋಡುತ್ತಿದ್ದಳು. ಹಾಗೆಯೇ ಈಗಲೂ ಎರಡು ಭಾಗಗಳನ್ನು, ಏನೂ ಬರೆಯದೆ ಬರೀ ಓದುವಂತೆ ತೆರೆದಳು. ಒಂದರಲ್ಲಿ ವಿಂಡೋಸಿನ ಎಲುಬುಗಳು. ಐದರಲ್ಲಿ ಭೀಮಪ್ಪನ ಹೆಸರಿನ ಫೋಲ್ಡರು; ಒಳಗೆ ಡೊಳ್ಳಿನ ಪದಗಳು, ಮಗಳ ಮದುವೆಯ ಫೋಟೋಗಳು, ಅವುಗಳ ನಡುವೆ ಕಾಗದದ ಚೂರಿನಷ್ಟು ಸಣ್ಣ ಫೈಲು: ಲೇತ್ ಆಲ್. ಅವಳು ಅದರ ತಾರೀಖನ್ನು ಎರಡು ಸಲ ಓದಿದಳು. ಒಂದನೆಯ ಭಾಗವನ್ನು ಅಳಿಸಿದಳು.

ಜಗಲಿ ಕಟ್ಟಿ ಮುಗಿಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಬಿಳಿ ಅಕ್ಷರಗಳು ಮತ್ತೆ ಹೊರಟವು. ಡಿಸ್ಕು ಮುಗಿಯಿತು. ಶೇಕಡಾ ಹನ್ನೆರಡು ಆಯಿತು. ಹತ್ತೊಂಬತ್ತಕ್ಕೆ ಬಂದು ಬಹಳ ಹೊತ್ತು ನಿಂತಿತು. ಡಿಸ್ಕಿನ ದೀಪ ಪಟಪಟ ಮಿಟುಕುತ್ತಿತ್ತು. ಒಳಗಿನದು ಹೊರಗೆ, ಹೊರಗಿನದು ಒಳಗೆ. ಇಪ್ಪತ್ತು.

"ನನ್ ಬೆರಳು ಮರಗಟ್ತು," ಎಂದ ಲೋಕೇಶ್. ರಾಮಯ್ಯ ಅವನನ್ನು ಸರಿಸಿ, ತಾನೇ ಗೋಡೆಗೆ ಒರಗಿ ನಿಂತು ಪ್ಲಗ್ಗು ಒತ್ತಿ ಹಿಡಿದ. ಒಂದೂ ಕಾಲು ಗಂಟೆ ಹಾಗೆಯೇ ನಿಂತಿದ್ದ. ನಡುವೆ ಟ್ಯೂಬ್‌ಲೈಟುಗಳು ಒಮ್ಮೆ ಕಣ್ಣು ಮುಚ್ಚಿ ತೆರೆದಾಗ ಅವನ ಇನ್ನೊಂದು ಕೈಯೂ ತಾನಾಗಿ ಪ್ಲಗ್ಗಿನ ಮೇಲೆ ಹೋಯಿತು. ಕರೆಂಟು ಹೋಗಲಿಲ್ಲ.

ಕೊನೆಗೆ ಸಿ.ಡಿ. ಹೊರಗೆ ಬಂತು. ಆರಿಸಿ ಹಾಕಿದರೆ, ಕಪ್ಪು ಪರದೆಯ ಎಡಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿಟುಕುತ್ತಾ ಕೂತಿತು.

"ಎದ್ನಾ?" ಎಂದ ರಾಮಯ್ಯ.

"ಎದ್ದಾನ್ರಿ."

"ಮಕಾನೇ ಇಲ್ವಲ್ಲವ್ವ?"

"ಮಕಾ ಬಿಟ್ಟ ಬಂದಾನ್ರಿ. ಇದರಾಗ ಜಾಗಿಲ್ಲಲ್ರಿ."

ಅವಳು ಒಂಬತ್ತು ಹಲ್ಲಿನ ಕೇಬಲ್ಲಿನ ಒಂದು ತುದಿಯನ್ನು ಲ್ಯಾಪ್‌ಟಾಪಿಗೂ ಇನ್ನೊಂದನ್ನು ಲೇತಿಗೂ ಕಚ್ಚಿಸಿ, ಕಳಿಸಿದಳು. ಲೇತಿನ ಪುಟ್ಟ ಹಸಿರು ಪರದೆಯಲ್ಲಿ ಅಂಕಿಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಹೇಳಿದ ಹೊತ್ತಿಗೆ ಬಂದ ಗುಜರಿಯವನೂ ಬಾಗಿಲಲ್ಲಿ ನಿಂತು ಅದನ್ನೇ ನೋಡಿದ. ಅಂಕಿಗಳು ಮುಗಿದು, ಆರಿಸಿ ಹಾಕಿದ ಮೇಲೆ ಲೇತು ಗುಡುಗಿ, ತನ್ನ ಕೈಯನ್ನು ಮೂಲೆಯವರೆಗೆ ನಿಧಾನವಾಗಿ ಚಾಚಿ, ನಿಲ್ಲಬೇಕಾದಲ್ಲಿ ನಿಂತಿತು. ಗುಜರಿಯವನು ಕ್ರೇನಿನವನಿಗೆ ಫೋನು ಮಾಡುತ್ತಾ ಹೊರಗೆ ಹೋದ.

ಮೊದಲ ತುಂಡು ಆರೂವರೆಗೆ ಬಂತು. ಶಿವಗಂಗಾ ಲೇತಿನ ಗಾಜಿನ ಬಾಗಿಲು ತೆರೆಯುತ್ತಿದ್ದಂತೆಯೇ ರಾಮಯ್ಯ ಕೈ ಹಾಕಿ ತೆಗೆದುಕೊಂಡ. ಬಿಸಿಯಿತ್ತು. ಸುಟ್ಟ ಗೆಣಸಿನಂತೆ ಅದನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಹಾರಿಸಿದನೇ ಹೊರತು ಕೆಳಗಿಡಲಿಲ್ಲ. ಅಳತೆ ನೋಡಲು ಲೋಕೇಶ್ ಮೈಕ್ರೋಮೀಟರು ಹಿಡಿದು ಕೈ ಮುಂದೆ ಮಾಡಿದ. ರಾಮಯ್ಯ ತುಂಡನ್ನು ಶಿವಗಂಗಾಳ ಅಂಗೈಯಲ್ಲಿ ಇಟ್ಟ. ಲೋಕೇಶ್ ಮೈಕ್ರೋಮೀಟರನ್ನೂ ಅವಳಿಗೇ ಕೊಟ್ಟ.

"ಎಷ್ಟೈತೆ?"

"ಕೂದಲೆಳಿ ಜಾಸ್ತಿ ಐತ್ರಿ."

"ಸರಿ ಮಾಡು."

ಅವಳು ಹಸಿರು ಪರದೆಯ ಮುಂದೆ ಹೋಗಿ ಒಂದು ಅಂಕಿ ತಿದ್ದಿ, ಇನ್ನೊಂದು ತುಂಡು ಕಚ್ಚಿಸಿ, ಬಾಗಿಲೆಳೆದು, ಗುಂಡಿ ಒತ್ತಿದಳು. ಕಬ್ಬಿಣವನ್ನು ತಂಪಾಗಿಸುವ ಹಾಲಿನಂಥ ಕೂಲಂಟು ರಪ್ಪನೆ ಗಾಜಿಗೆ ಬಡಿದು, ಒಳಗಿನದೇನೂ ಕಾಣದಷ್ಟು ಬೆಳ್ಳಗೆ ಇಳಿಯತೊಡಗಿತು.