ಮುಷ್ಟಿಯೊಳಗಿನ ಪೀಪಿ

"ಅಜ್ಜಾ, ನನ್ನ ರೀಡ್ ನೋಡಿದ್ರಾ? ಬೆಳಿಗ್ಗೆ ಇಲ್ಲೇ ಇತ್ತು, ಐ ಸ್ವೇರ್!"

ವೇದಿಕೆಯ ಪಕ್ಕದ ಕೋಣೆಯಲ್ಲಿ ನಿರೀಕ್ಷಾ ಬ್ಯಾಗ್‌ಪೈಪಿನ ಪೆಟ್ಟಿಗೆಯನ್ನು ಮೂರನೆಯ ಸಲ ಬರಿದು ಮಾಡಿದಳು. ಕರುಣಾಕರರು ಕೋಟಿನ ಜೇಬಿನೊಳಗೆ ಮುಷ್ಟಿ ಬಿಗಿಹಿಡಿದು, "ನಾನೆಂತ ನೋಡುವುದು ಮಾರಾಯ್ತಿ" ಎಂದರು. ಜೊಂಡಿನ ಎರಡು ತೆಳು ಸೀಳುಗಳನ್ನು ದಾರದಿಂದ ಬಿಗಿದ ಆ ರೀಡ್, ಅವರ ಮಾತಿನಲ್ಲಿ ಪೀಪಿ, ಅಂಗೈಗೆ ಚುಚ್ಚುತ್ತಿತ್ತು. ಉಡುಪಿಯ ಕಡೆ ದೇವರ ಮುಂದೆ ನಾಲ್ವತ್ತು ವರ್ಷ ನಾಗಸ್ವರ ಊದಿದವರು ಅವರು. ಪೀಪಿಯಿಲ್ಲದ ವಾದ್ಯ ಬರಿಯ ಕೊಳವೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೊಮ್ಮಗಳ ಗುರು ಫರ್ಗಸ್‌ಗೆ ಅಂದು ಸಿಡ್ನಿಯ ಶಾಲೆಯೊಂದರಲ್ಲಿ ಸನ್ಮಾನ. ಸ್ಕಾಟ್ಲೆಂಡಿನ ಮೀನುಗಾರರ ಹಳ್ಳಿಯಲ್ಲಿ ಹುಟ್ಟಿ, ಈ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪೈಪ್ ಕಲಿಸಿ, ಆಮೇಲೆ ಮೆಲ್ಬರ್ನಿನ ಕ್ಲೇಟನ್‌ನಲ್ಲಿ, ಕರುಣಾಕರರು ಮಗಳ ಮನೆಯಲ್ಲಿದ್ದ ಬೀದಿಗೇ ಬಂದು ನೆಲೆಸಿದ ಮುದುಕ. ಅವನು ಕಟ್ಟಿದ ಟ್ಯೂನುಗಳ ಪಟ್ಟಿ ಕಾರ್ಯಕ್ರಮದ ಹಾಳೆಯ ತುಂಬ ಇತ್ತು. ಹೊಸದೊಂದನ್ನು ನಿರೀಕ್ಷಾ ಒಬ್ಬಳೇ ನುಡಿಸಬೇಕು. ಅದರ ಹೆಸರು 'ಭಾಗೀರಥಿ'.

ಕಳೆದ ಕಾರ್ತಿಕದಲ್ಲಿ ತೀರಿಹೋದ ತಮ್ಮ ಹೆಂಡತಿಯ ಹೆಸರಿನಲ್ಲಿ ಹಾಡು ಕಟ್ಟಲು ಇವನು ಯಾರು? ವಾರಕ್ಕೊಮ್ಮೆ ಪಾಠಕ್ಕೆ ಬಂದವನು, ಅವಳ ಕೈಯ ನೀರುದೋಸೆ ತಿಂದವನು, ಅಷ್ಟೆ. ಅವಳು ಹೋದಮೇಲೆ ಕರುಣಾಕರರು ನಾಗಸ್ವರ ಮುಟ್ಟಿರಲಿಲ್ಲ.

ಒಂಬತ್ತು ವರ್ಷದವಳಿದ್ದಾಗ ನಾಗಸ್ವರ ಕಲಿಸಿ ಎಂದು ನಿರೀಕ್ಷಾ ಮೊದಲು ಕೇಳಿದ್ದು ಅಜ್ಜನನ್ನೇ. "ಹೆಣ್ಣುಮಕ್ಕಳಿಗೆ ಓಲಗ ಯಾಕೆ?" ಎಂದಿದ್ದರು. "ಕಲಿಸಿದರೆ ದೇವರು ಬೇಡ ಹೇಳ್ತಾನಾ?" ಎಂದು ಭಾಗೀರಥಿ ಎರಡು ದಿನ ಮಾತು ಬಿಟ್ಟಿದ್ದಳು.

"ಹೊಸ ರೀಡ್ ಹಾಕಿಕೊಳ್ಳೇ," ಎಂದಳು ಮಗಳು ಜ್ಯೋತ್ಸ್ನಾ.

"ಅದು ತುಂಬಾ ಗಟ್ಟಿ, ಅಮ್ಮಾ. ಊದ್ಲಿಕ್ಕೇ ಆಗಲ್ಲ."

"ಅಪ್ಪಾ, ಪೆಟ್ಟಿಗೆ ಹತ್ರ ನೀವೇ ಕೂತಿದ್ರಲ್ಲ?"

"ಕೂತರೆ? ನಾನು ಅದನ್ನು ತಿಂದೆನಾ?"

ಅಷ್ಟರಲ್ಲಿ ಫರ್ಗಸ್ ಬಂದ. ವಿಷಯ ಕೇಳಿ ತನ್ನ ಪೈಪನ್ನು ಬಿಚ್ಚಿ, ಅದರ ಪೀಪಿಯನ್ನು ಕಿತ್ತು ಹುಡುಗಿಯ ಕೈಗಿಟ್ಟ.

"ಮತ್ತೆ ನೀವು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು ಅವಳು. ಅವಳ ನಂತರ ಅವನೇ ನುಡಿಸಬೇಕಿತ್ತು.

"ನಾನು ಬೇಕಾದಷ್ಟು ಊದಿದ್ದೇನೆ. ಹೋಗು, ನಿನ್ನ ಅಜ್ಜಿ ಕಾಯುತ್ತಿದ್ದಾಳೆ."

ತಮ್ಮ ಬಾಯಿಗೆ ಪಳಗಿದ ಪೀಪಿಯನ್ನು ಕರುಣಾಕರರು ಯಾವ ಶಿಷ್ಯನಿಗೂ ಕೊಟ್ಟವರಲ್ಲ. ಎಂಜಲು ಎನ್ನುತ್ತಿದ್ದರು.

ವೇದಿಕೆಯಲ್ಲಿ ಮೊದಲು ಶ್ರುತಿ ಎದ್ದಿತು, ಅದರ ಮೇಲೆ ನಿಧಾನವಾಗಿ ರಾಗ. ಫರ್ಗಸ್ ಮೂಕವಾದ ಪೈಪನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದ. ಕರುಣಾಕರರು ಜೇಬಿನಿಂದ ಕೈ ತೆಗೆದರು. ಪೀಪಿ ಒಣಗಿತ್ತು. ಅಭ್ಯಾಸಬಲದಿಂದ ಅದನ್ನು ತುಟಿಗಳ ನಡುವೆ ಇಟ್ಟು ತೇವ ಮಾಡಿ, ಪಕ್ಕದಲ್ಲಿ ಕೂತಿದ್ದ ಅವನತ್ತ ಚಾಚಿದರು.

"ಮೈ ಪಾಕೆಟ್," ಎಂದರು. ಇನ್ನೊಂದು ಕೈಯಿಂದ ಕೋಟಿನ ಜೇಬನ್ನು ತಟ್ಟಿ ತೋರಿಸಿದರು.

ಫರ್ಗಸ್ ಪೀಪಿಯನ್ನು ನೋಡಿದ, ಅವರನ್ನು ನೋಡಿದ. ಆಮೇಲೆ ಒರೆಸದೆ, ಒದ್ದೆಯಾಗಿದ್ದಂತೆಯೇ, ತನ್ನ ಪೈಪಿಗೆ ಸಿಕ್ಕಿಸಿಕೊಂಡ.